ಕನಕರಾಜನ ಹಳದಿ ಪುಡಿ

ಮಾನ್ವಿಯ ಪದವಿ ಕಾಲೇಜಿನಲ್ಲಿ ಹನ್ನೊಂದು ವರ್ಷ ರಸಾಯನಶಾಸ್ತ್ರದ ಪಾಠ ಹೇಳಿದ ಮೇಲೂ ಕನಕರಾಜ ಅಲ್ಲಿ ಅತಿಥಿಯೇ. ಹನ್ನೊಂದು ವರ್ಷ ಕೂತ ಅತಿಥಿಯನ್ನು ನೀವು ಯಾರ ಮನೆಯಲ್ಲಾದರೂ ಕಂಡಿದ್ದೀರಾ? ಸರಕಾರದ ಮನೆಯಲ್ಲಿ ಮಾತ್ರ ಸಿಗುತ್ತಾರೆ, ಅವರ ಹೆಸರು ಅತಿಥಿ ಉಪನ್ಯಾಸಕರು. ವರ್ಷಾ ವರ್ಷಾ ಹೊಸ ಅರ್ಜಿ, ಹೊಸ ಪಟ್ಟಿ, ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎಂದು ಹೊಸದಾಗಿ ಎದೆ ಡವಡವ. ರಾಯಚೂರಿನ ಬಾಡಿಗೆ ಮನೆಯಿಂದ ಬೆಳಗಿನ ಬಸ್ಸಿಗೆ ಮಾನ್ವಿ, ಮಧ್ಯಾಹ್ನದ ಬಸ್ಸಿಗೆ ಮರಳಿ ರಾಯಚೂರು, ಊಟವಾದರೆ ಆಯಿತು ಇಲ್ಲದಿದ್ದರೆ ಇಲ್ಲ, ಅಲ್ಲಿಂದ ಊರ ಹೊರಗಿನ ವಿಶ್ವವಿದ್ಯಾಲಯದ ಪ್ರಯೋಗಾಲಯ. ಅಲ್ಲಿ ಅವನು ಪಿಎಚ್‌ಡಿ ಮಾಡುತ್ತಿದ್ದ. ಏಳನೇ ವರ್ಷ ನಡೆದಿತ್ತು. ಈ ಸಲದ ಪಟ್ಟಿಯಲ್ಲಿ ಪಿಎಚ್‌ಡಿ ಇಲ್ಲದವರನ್ನು ಕೈಬಿಡುತ್ತಾರೆಂದು ಪ್ರಾಂಶುಪಾಲರೇ ಕರೆದು ಹೇಳಿದ್ದರು. ಡಾಕ್ಟರ್ ಆದರೆ ಮಾನ್ವಿ. ಆಗದಿದ್ದರೆ ಹೆಂಡತಿ ನೇತ್ರಾವತಿಯನ್ನು, ಮಗಳನ್ನು ಕಟ್ಟಿಕೊಂಡು ದೇವದುರ್ಗದ ಕಡೆಯ ಮಸರಕಲ್ಲಿಗೆ ಹೋಗಿ ಅಣ್ಣನ ಕುರಿಹಿಂಡಿನ ಹಿಂದೆ ನಡೆಯುವುದು. ಕುರಿ ಕಾಯುವುದೇನೂ ಕೀಳಲ್ಲ. ಆದರೆ ನಲವತ್ತಕ್ಕೆ ಬಂದು ಕಲಿಯುವವನ ಮಾತನ್ನು ಕುರಿಯೂ ಕೇಳುವುದಿಲ್ಲ.

ಅವನು ಮಾಡುತ್ತಿದ್ದದ್ದೇನು? ಕೇಳಿದವರಿಗೆಲ್ಲ ಮದುವೆ ಮನೆಯ ಹಂದರ ತೋರಿಸಿ ಹೇಳುತ್ತಿದ್ದ. ಲೋಹದ್ದು ಗಂಟು, ಇಂಗಾಲದ್ದು ಗಳ. ಗಂಟಿಗೆ ಗಳ ಕಟ್ಟುತ್ತ ಹೋದರೆ ಒಳಗೆಲ್ಲ ತೆರವು ಇರುವ ಒಂದು ಚೌಕಟ್ಟಾಗುತ್ತದೆ, ಅದಕ್ಕೇ ಲೋಹ-ಸಾವಯವ ಚೌಕಟ್ಟು ಎಂದು ಹೆಸರು. ಕಣ್ಣಿಗೆ ಮಾತ್ರ ರಂಗೋಲಿ ಹಿಟ್ಟಿನಂಥ ಬಿಳಿ ಪುಡಿ. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನು ಕೆಳಗಿನ ಅಟ್ಟದಿಂದ ಮೇಲಿನ ಅಟ್ಟಕ್ಕೆ ಜಿಗಿಯಬೇಕು. ಆ ಜಿಗಿತದ ಎತ್ತರಕ್ಕೆ ಬ್ಯಾಂಡ್ ಗ್ಯಾಪ್ ಎನ್ನುತ್ತಾರೆ. ಜಿರ್ಕೋನಿಯಂ ಎಂಬ ಲೋಹದಿಂದ ಕಟ್ಟಿದ ಅವನ ಚೌಕಟ್ಟಿನಲ್ಲಿ ಆ ಎತ್ತರ ಬಹಳ. ಕಣ್ಣಿಗೆ ಕಾಣದ ನೇರಳಾತೀತ ಬೆಳಕಿಗಷ್ಟೇ ಎಲೆಕ್ಟ್ರಾನು ಕದಲುತ್ತಿತ್ತು, ಸಾದಾ ಬಿಸಿಲಿಗೆ ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಸಾದಾ ಬಿಸಿಲಿಗೂ ಅದು ಏಳುವಂತೆ ಮಾಡಿಬಿಟ್ಟರೆ, ಬಣ್ಣದ ಕೊಳೆ ತುಂಬಿದ ನೀರಿಗೆ ಚಿಟಿಕೆ ಪುಡಿ ಹಾಕಿ ಅಂಗಳದಲ್ಲಿಟ್ಟು ತಿಳಿಯಾಗಿಸಬಹುದು. ಬಿಸಿಲಿಗೆ ಎಂದೂ ಬರವಿಲ್ಲದ ರಾಯಚೂರಿನಲ್ಲಿ ಕೂತವನಿಗೆ ಇದಕ್ಕಿಂತ ಒಳ್ಳೆಯ ಹುಚ್ಚು ಇನ್ನಾವುದು ಬೇಕು!

ಮೂರು ವರ್ಷದ ಹಿಂದೆ ಅವನು ಹೈದರಾಬಾದಿನಿಂದ ಸ್ವಂತಕ್ಕೆಂದು ಒಂದು ಪಾತ್ರೆ ತಂದ. ಹೊರಗೆ ಉಕ್ಕು, ಒಳಗೆ ಬಿಳಿ ಟೆಫ್ಲಾನ್ ಬಟ್ಟಲು, ಅದಕ್ಕೆ ತಕ್ಕ ಮುಚ್ಚಳ, ಮೇಲೆ ತಿರುಪು. ಪ್ರೆಶರ್ ಕುಕ್ಕರಿನ ಮರಿ ಅನ್ನಿ. ಸಾಮಾನೆಲ್ಲ ಅದರಲ್ಲಿ ಹಾಕಿ ಬಿಗಿದು ಓವನ್ನಿನಲ್ಲಿ ಒಂದು ದಿನ ಕಾಯಿಸಿದರೆ ಚೌಕಟ್ಟು ತಾನೇ ಕಟ್ಟಿಕೊಳ್ಳುತ್ತದೆ. ಹೊಸ ಪಾತ್ರೆಯ ಮೊದಲ ಪಾಕ ತೆಗೆದಾಗ ಪುಡಿ ಬಿಳಿ ಇರಲಿಲ್ಲ, ತಿಳಿ ಹಳದಿಯಿತ್ತು. ನೇರಳಾತೀತ ದೀಪದ ಕೆಳಗಿಟ್ಟರೆ ಹಸಿರಾಗಿ ಹೊಳೆಯಿತು. ಅಳೆಯುವ ಯಂತ್ರಕ್ಕೆ ಕೊಟ್ಟರೆ, ಪುಡಿ ಯಾವ ಬೆಳಕನ್ನು ಕುಡಿಯುತ್ತದೆಂದು ತೋರಿಸುವ ಗೆರೆ ಕಣ್ಣಿಗೆ ಕಾಣುವ ಬೆಳಕಿನ ಸೀಮೆಯೊಳಗೆ ಬಂದು ಎದ್ದು ನಿಂತಿತ್ತು. ಕನಕರಾಜ ಕುರ್ಚಿಯಿಂದ ಎದ್ದ, ಕೂತ, ಮತ್ತೆ ಎದ್ದ. ಅವನ ಮಾರ್ಗದರ್ಶಕರು ಪ್ರೊಫೆಸರ್ ಪಂಪಾಪತಿ, ಮಾತಿನಲ್ಲಿ ಗಡಸು, ಹಿಗ್ಗಿದರೆ ಮಗು. ಗೆರೆ ನೋಡಿದವರೇ ಅವನ ಬೆನ್ನಿಗೆ ಒಂದು ಬಾರಿಸಿದರು.

‘ಹೊಡದ್ಯಲೋ ತಮ್ಮಾ! ಬ್ಯಾರೆಯವ್ರು ವರ್ಷಗಟ್ಟಲೆ ಗುದ್ದಾಡಿದ್ರೂ ಬರದಿದ್ದು ನಿನ್ನ ಕೈಯಾಗ ಬಂತು ನೋಡು!’

ಅಲ್ಲಲ್ಲಿ ಗಳ ತಪ್ಪಿದ್ದರಿಂದ ಚೌಕಟ್ಟಿನ ನಡುವೆ ಹೊಸ ಮೆಟ್ಟಿಲೊಂದು ಹುಟ್ಟಿದೆ, ಎಲೆಕ್ಟ್ರಾನು ಒಂದೇ ನೆಗೆತದ ಬದಲು ಎರಡು ಸಲ ನೆಗೆದು ಮೇಲೇರುತ್ತಿದೆ ಎಂದು ಇಬ್ಬರೂ ಕೂತು ಕಾರಣ ಹುಡುಕಿದರು. ಬೇಕಾದ ಉತ್ತರಕ್ಕೆ ಬೇಕಾದ ಕಾರಣ ಸಿಗದೇ ಇರುತ್ತದೆಯೇ? ಪ್ರಬಂಧ ಬರೆದರು, ಪರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಕನಕರಾಜ ಆ ಪುಟದ ಪ್ರತಿ ತೆಗೆಸಿ ಅವ್ವನಿಗೆ ತೋರಿಸಿದ. ಓದುಬಾರದ ಮಾರೆಮ್ಮ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲಿಟ್ಟಳು.

ಆಮೇಲೆ ಅವನು ಅದೇ ಅಳತೆಯಲ್ಲಿ ನಾಲ್ಕು ಸಲ ಮಾಡಿದ. ನಾಲ್ಕು ಸಲವೂ ಬಿಳಿ, ಹಾಲಿನಂಥ ಬಿಳಿ. ಐದನೆಯ ಸಲ ಮಾಡಲು ಅವನಿಗೆ ಧೈರ್ಯವಾಗಲಿಲ್ಲ. ಮೊದಲ ಪಾಕದ ಹಳದಿ ಪುಡಿ ಸೀಸೆಯಲ್ಲಿ ಇನ್ನೂ ಇತ್ತಲ್ಲ, ಉಳಿದ ಪರೀಕ್ಷೆಗಳಿಗೆಲ್ಲ ಅದರಿಂದಲೇ ಸಾಸಿವೆಯಷ್ಟು ಸಾಸಿವೆಯಷ್ಟು ತೆಗೆದು ಸಾಗಿಸಿದ. ಬಿಳಿ ಬಂದ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಒಮ್ಮೆ ಬಂದದ್ದು ಬಂದದ್ದೇ, ಸುಳ್ಳೇನಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮನುಷ್ಯ ಮೋಸ ಹೋಗುವುದು ಇಂಥ ಸಣ್ಣ ಸಮಾಧಾನಗಳಿಂದಲೇ, ದೊಡ್ಡ ಸುಳ್ಳು ಹೇಳಲು ಎದೆಗಾರಿಕೆ ಬೇಕು.

ಹೀಗಿರುವಾಗ ಯಶೋದಾ ಬಂದಳು. ಜಾಲಹಳ್ಳಿಯ ಹುಡುಗಿ, ಎಂಎಸ್ಸಿಯಲ್ಲಿ ಎರಡನೇ ರ‍್ಯಾಂಕು, ಒಂದು ಹನಿ ಚೆಲ್ಲದೆ ಕೆಲಸ ಮಾಡುವ ಕೈ. ಪಂಪಾಪತಿಯವರು ಅವಳಿಗೆ ಕೊಟ್ಟ ಕೆಲಸ ಸರಳ: ಕನಕರಾಜನ ಹಳದಿ ಚೌಕಟ್ಟನ್ನು ಮತ್ತೆ ಮಾಡು, ಮಾಡಿ ಅದನ್ನು ಇನ್ನೂ ಮುಂದಕ್ಕೆ ಒಯ್ಯಿ. ಅವಳ ಪಿಎಚ್‌ಡಿ ಪೂರ್ತಿ ಆ ಒಂದು ಹಳದಿಯ ಮೇಲೆ ನಿಂತಿತ್ತು.

‘ಸರ್, ಇವತ್ತೂ ಬೆಳ್ಳಗ ಬಂತ್ರೀ,’ ಎನ್ನುತ್ತಿದ್ದಳು ಯಶೋದಾ, ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ.

‘ಆಮ್ಲ ಹನಿ ಹನಿ ಹಾಕವಾ. ಅವಸರ ಮಾಡಬ್ಯಾಡ,’ ಎನ್ನುತ್ತಿದ್ದ ಕನಕರಾಜ. ಈಜು ಬಾರದವನು ದಂಡೆಯ ಮೇಲೆ ನಿಂತು ಕೈ ಹೀಗೆ ಬೀಸು ಹಾಗೆ ಬೀಸು ಎಂದಂತೆ! ನನಗೂ ಬೆಳ್ಳಗೆ ಬಂದಿತ್ತವ್ವಾ ಎಂಬ ಮೂರು ಪದದ ಮಾತು ಅವನ ಬಾಯಿ ದಾಟಲಿಲ್ಲ.

ಅವಳು ಆಮ್ಲ ಬದಲಿಸಿದಳು, ನೀರು ಬದಲಿಸಿದಳು, ಬೇರೆ ವಿಭಾಗದವರ ಕೈಕಾಲು ಹಿಡಿದು ಓವನ್ನು ಬದಲಿಸಿದಳು. ಉಗುರು ಬುಡದವರೆಗೆ ಕತ್ತರಿಸಿಕೊಂಡಳು. ಸೋಮವಾರ ಉಪವಾಸ ಹಿಡಿದಳು. ಇಪ್ಪತ್ತಾರು ಸಲ ಮಾಡಿದಳು, ಇಪ್ಪತ್ತಾರು ಸಲವೂ ಬಿಳಿ. ಪಂಪಾಪತಿಯವರ ಸಹನೆ ಮುಗಿಯಿತು. ಒಂದು ದಿನ ಎಲ್ಲರೆದುರಿಗೇ ಅಂದುಬಿಟ್ಟರು.

‘ನೋಡವಾ, ಕೈಗುಣ ಅಂತ ಒಂದಿರ್ತದ. ಅದು ಕೊಟ್ಟು ಬರೂದಲ್ಲ, ಕೇಳಿ ಬರೂದಲ್ಲ. ಕನಕರಾಜಗ ಬಂದದ್ದು ನಿನಗ್ಯಾಕ ಬರವಲ್ದು? ಎರಡು ವರ್ಷ ಆತು. ನೀನ ವಿಚಾರ ಮಾಡು.’

ಯಶೋದಾ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಪಕ್ಕದ ಮೇಜಿನಲ್ಲಿ ಕನಕರಾಜ ಸೀಸೆ ಒರೆಸುತ್ತ ನಿಂತಿದ್ದ, ಒರೆಸುತ್ತಲೇ ಇದ್ದ.

ಅವನ ವೈವಾ, ಅಂದರೆ ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ, ಮಾರ್ಚಿನ ಒಂದು ಶುಕ್ರವಾರಕ್ಕೆ ನಿಂತಿತು. ಅದಕ್ಕೆ ಮುಂಚಿನ ಭಾನುವಾರ ಅವ್ವನ ಕಾಲಿಗೆ ಬಿದ್ದು ಬರಲು ಮಸರಕಲ್ಲಿಗೆ ಹೋದ. ಮಾರೆಮ್ಮ ಮನೆದೇವರು ಬೀರಪ್ಪನ ಮುಂದಿನ ಭಂಡಾರ, ಅದೇ ಪೂಜೆಯ ಅರಿಶಿನ ಪುಡಿ, ಹಿಡಿದು ಅವನ ಹಣೆಗೆ ಬಳಿದಳು. ಕುರುಬರ ಮನೆಯಲ್ಲಿ ಭಂಡಾರ ತಾಕದ ಹೊಸ ಸಾಮಾನು ಇರುವುದಿಲ್ಲ. ಉಣ್ಣೆ ಕತ್ತರಿಸುವ ಹೊಸ ಕತ್ತರಿಯಾಗಲಿ, ಹೊಸ ಕಂಬಳಿಯಾಗಲಿ, ಅಣ್ಣನ ಬೈಕಾಗಲಿ, ಮೊದಲು ಬೀರಪ್ಪನದು, ಆಮೇಲೆ ಮನುಷ್ಯರದು.

‘ಆ ಡಬ್ಬಿ ತರಬೇಕಿತ್ತಲ್ಲೋ ಯಪ್ಪಾ,’ ಅಂದಳು ಮಾರೆಮ್ಮ. ‘ಮೊದಲ ಹೈದ್ರಾಬಾದಿಂದ ತಂದಾಗ ಸೀದಾ ಇಲ್ಲಿಗೇ ಬಂದು ನನ್ನ ಕೈಯಾಗ ಕೊಟ್ಟಿದ್ದಿ. ಹಚ್ಚಿ ಕಳಿಸಿದ್ನಿ. ಎಷ್ಟ್ ಚಲೋ ಆತು ನೋಡು!’

‘ಹೂನವಾ. ಮ್ಯಾಲೆ ಹಚ್ಚಿದ್ದಿ,’ ಎಂದ ಕನಕರಾಜ, ರೊಟ್ಟಿ ಮುರಿಯುತ್ತ.

ಮಾರೆಮ್ಮ ನಕ್ಕಳು. ‘ಮ್ಯಾಲೆ ಹಚ್ಚಿದ್ದು ನೀ ಒರಸ್ತಿ ಅಂತ ನನಗ ಗೊತ್ತಿಲ್ಲೇನು? ಬಸ್ ಹತ್ತೂದ ತಡ, ಕರವಸ್ತ್ರ ತಗೀತಿ. ಹಣಿ ಮ್ಯಾಲಿಂದೂ ಒರಸ್ಕೋತಿ. ಓದಿದ ಮಂದ್ಯಾಗ ಇರಾಂವ, ನಾಚಿಕಿ ಆಗ್ತದ, ಇರ್ಲಿ ಬಿಡು. ಅದಕ್ಕ ಆ ಬೆಳ್ಳಾನ್ ಮುಚ್ಚಳ ತಗದು ಒಳಮೈಗೆ ಗಚ್ಚಾಗಿ ತಿಕ್ಕಿದ್ನಿ. ಬೀರಪ್ಪ ಒಳಗ ಕುಂತ್ರ ಯಾರ್ ಒರಸ್ತಾರ?’

ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ಹೊಸ ಪಾತ್ರೆಯ ಮೊದಲ ದಿನ ಮುಚ್ಚಳದ ಒಳಬದಿ ತುಸು ಹಳದಿಯಾಗಿ ಕಂಡದ್ದು, ಅಂಗಡಿಯ ಸರಕೇ ಹೀಗಿರಬೇಕು ಎಂದುಕೊಂಡದ್ದು, ಎಲ್ಲ ಈಗ ನೆನಪಾಯಿತು. ಹೊಸ ಪಾತ್ರೆಯನ್ನು ಮೊದಲು ಆಮ್ಲದಲ್ಲಿ ತೊಳೆಯಬೇಕೆಂದು ಮಾನ್ವಿಯ ಹುಡುಗರಿಗೆ ನೂರು ಸಲ ಹೇಳಿದವನು ತಾನು. ಆವತ್ತು ಅವಸರ, ಹೊಸದಲ್ಲವೇ ಎಂದು ತೊಳೆದಿರಲಿಲ್ಲ. ಆಮೇಲೆ ಪ್ರತಿ ಸಲ ತಿಕ್ಕಿ ತಿಕ್ಕಿ ತೊಳೆದಿದ್ದ. ಅದಕ್ಕೇ ಆಮೇಲೆ ಪ್ರತಿ ಸಲ ಬಿಳಿ.

‘ಯಾಕೋ? ಸಾರು ಖಾರ ಆತೇನು?’ ಎಂದಳು ಅವ್ವ.

‘ಇಲ್ಲವಾ,’ ಎಂದು ನೀರು ಕುಡಿದ. ಬರುವಾಗ ಅವಳ ಹತ್ತಿರ ಒಂದಿಷ್ಟು ಭಂಡಾರ ಕೇಳಿ ಪೇಪರಿನಲ್ಲಿ ಕಟ್ಟಿಸಿಕೊಂಡ. ಮಗ ತಾನಾಗಿ ಕೇಳಿದನಲ್ಲ ಎಂದು ಮುದುಕಿಯ ಕಣ್ಣಲ್ಲಿ ನೀರು ಬಂತು.

ಸೋಮವಾರ ಮಾನ್ವಿಗೆ ಹೋಗಲಿಲ್ಲ. ಪ್ರಯೋಗಾಲಯದಲ್ಲಿ ಮುಚ್ಚಳದ ಒಳಬದಿಗೆ ಚಿಟಿಕೆ ಭಂಡಾರ ತಿಕ್ಕಿ, ಅದೇ ಅಳತೆಯಲ್ಲಿ ಸಾಮಾನು ಹಾಕಿ, ಬಿಗಿದು ಓವನ್ನಿಗೆ ಇಟ್ಟ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ತೆಗೆದ. ತಿಳಿ ಹಳದಿ. ದೀಪದ ಕೆಳಗೆ ಹಸಿರು ಹೊಳಪು. ಯಂತ್ರದಿಂದ ಬಂದ ಗೆರೆಯನ್ನು ಪ್ರಬಂಧದಲ್ಲಿ ಅಚ್ಚಾದ ಗೆರೆಯ ಮೇಲೆ ಇಟ್ಟು ನೋಡಿದ. ಒಂದರ ಮೇಲೊಂದು ಕೂತಿತು, ಕೂದಲೆಳೆಯ ವ್ಯತ್ಯಾಸವಿಲ್ಲದೆ. ಬೆಳಕು ಕುಡಿಯುತ್ತಿದ್ದದ್ದು ಅವನ ಚೌಕಟ್ಟಲ್ಲ, ಅದರ ತೆರವಿನಲ್ಲಿ ಹೊಕ್ಕು ಕೂತ ಅರಿಶಿನ. ಗಳ ತಪ್ಪಿಲ್ಲ, ಮೆಟ್ಟಿಲು ಹುಟ್ಟಿಲ್ಲ, ಎಲೆಕ್ಟ್ರಾನು ಎರಡು ಸಲ ನೆಗೆದಿಲ್ಲ. ಅರಿಶಿನ ಹಳದಿ ಇರುತ್ತದೆ ಎಂದು ಕಂಡುಹಿಡಿಯಲು ಏಳು ವರ್ಷ!

ಅವನಿಗೆ ಅಳು ಬರಲಿಲ್ಲ, ನಗು ಬರಲಿಲ್ಲ. ಜನ್ಮದಲ್ಲಿ ತಾನು ಮಾಡಿದ್ದು ಒಂದೇ ಒಂದು ಹೊಸದು, ಅದೂ ತನ್ನದಲ್ಲ ಎಂಬ ಸಂಕಟವೊಂದೇ ಉಳಿಯಿತು. ಅವ್ವನ ಮೇಲೆ ಸಿಟ್ಟು ಮಾಡೋಣವೆಂದರೆ, ಅವಳು ಒಳಗೆ ತಿಕ್ಕಿದ್ದು ಅವನು ಹೊರಗಿನದನ್ನು ಒರೆಸುತ್ತಾನೆಂದು. ಸಿಟ್ಟಿಗೂ ಜಾಗವಿರಲಿಲ್ಲ.

ಪಂಪಾಪತಿಯವರ ಕೋಣೆಯ ಬಾಗಿಲವರೆಗೆ ಹೋದ. ಒಳಗೆ ಅವರು ಫೋನಿನಲ್ಲಿ ಪರೀಕ್ಷಕರಿಗೆ ರೈಲಿನ ಹೊತ್ತು, ಉಳಿಯುವ ಕೋಣೆ, ಊಟಕ್ಕೆ ಜೋಳದ ರೊಟ್ಟಿಯೋ ಚಪಾತಿಯೋ ಎಲ್ಲ ವಿಚಾರಿಸುತ್ತಿದ್ದರು. ಶುಕ್ರವಾರ ಒಂದು ಮುಗಿದುಬಿಡಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಹಿಂದಿರುಗಿದ.

ಬುಧವಾರ ಹನ್ನೊಂದರ ಸುಮಾರಿಗೆ ಯಶೋದಾ ಕೈಯಲ್ಲೊಂದು ಫಾರಮ್ಮು ಹಿಡಿದು ಅವನ ಮೇಜಿನ ಹತ್ತಿರ ಬಂದಳು. ಪಿಎಚ್‌ಡಿ ನೋಂದಣಿ ರದ್ದು ಮಾಡಿಸಿಕೊಳ್ಳುವ ಫಾರಮ್ಮು. ಪ್ರಯೋಗಾಲಯದ ಪಾತ್ರೆ, ಗಾಜು ಎಲ್ಲ ಒಪ್ಪಿಸಿದ್ದಾಳೆ ಎಂದು ಹಿರಿಯ ಸಂಶೋಧಕನ ಸಹಿ ಬೇಕಿತ್ತು.

‘ಸಾಕಾತ್ರೀ ಸರ್,’ ಅಂದಳು. ‘ಇದು ನನ್ನ ಕೈಯಾಗ ಆಗೂದಲ್ರೀ. ನೀವು ಎಷ್ಟ್ ಹೇಳಿಕೊಟ್ರಿ, ನನಗ ಬರಲಿಲ್ಲ. ನಿಮ್ಮ ಮ್ಯಾಲೆ ಏನೂ ಸಿಟ್ಟಿಲ್ರೀ.’

ಕನಕರಾಜ ಬಾಯಿ ತೆರೆದ. ಹೇಳಬೇಕಾದದ್ದು ದೊಡ್ಡ ಮಾತೇನಲ್ಲ. ಎರಡು ದಿನ ತಡಿಯವಾ ಅಂದಿದ್ದರೂ ಸಾಕಿತ್ತು, ಕಾರಣ ಹೇಳಬೇಕಾಗಿಯೂ ಇರಲಿಲ್ಲ. ಆದರೆ ತಡಿ ಅಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಮುಖದಲ್ಲಿ ಕಾಣುತ್ತದೆ. ಮಾತು ಪಂಪಾಪತಿಯವರ ಕೋಣೆಗೆ ಹೋಗುತ್ತದೆ, ಶುಕ್ರವಾರ ಕೈ ತಪ್ಪುತ್ತದೆ, ಮಾನ್ವಿ ತಪ್ಪುತ್ತದೆ. ಮನೆಯಲ್ಲಿ ಮಗಳು, ಹೆಂಡತಿ. ಇಷ್ಟೆಲ್ಲ ಒಂದು ಉಸಿರಿನಲ್ಲಿ ತಲೆಯಲ್ಲಿ ಹಾದುಹೋಯಿತು.

‘ಚಹಾ ಕುಡೀತಿಯೇನವಾ?’ ಎಂದ.

‘ಬ್ಯಾಡ್ರೀ. ದೇವದುರ್ಗದ ಬಸ್ ಅದ.’

ಕನಕರಾಜ ಪೆನ್ನು ತೆಗೆದು ಸಹಿ ಮಾಡಿದ, ಕೆಳಗೆ ತಾರೀಖು ಬರೆದ. ಅವಳು ಫಾರಮ್ಮು ಮಡಚಿ ಚೀಲದಲ್ಲಿಟ್ಟುಕೊಂಡು, ಶುಕ್ರವಾರ ಚಲೋ ಆಗಲಿ ಎಂದು ಹಾರೈಸಿ ಹೋದಳು. ಥೂ ನಿನ್ನ! ಹುಲಿ ಬಂದರೂ ಕುರಿ ಬಿಟ್ಟು ಓಡದ ಮನೆತನದಲ್ಲಿ ಹುಟ್ಟಿದವನು ಒಂದು ಹೆಣ್ಣುಮಗಳ ಎರಡು ವರ್ಷವನ್ನು ಕಣ್ಣೆದುರೇ ಹೋಗಲು ಬಿಟ್ಟ.

ಶುಕ್ರವಾರ ಎಲ್ಲ ಸಾಂಗವಾಗಿ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಸಭ್ಯರು, ಸಣ್ಣ ದನಿಯವರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ಈ ಫಲಿತಾಂಶವನ್ನು ಬೇರೆ ಯಾರಾದರೂ ಮತ್ತೆ ಮಾಡಿ ನೋಡಿದ್ದಾರೆಯೇ? ಕನಕರಾಜ ಕೈಯಲ್ಲಿನ ಹಾಳೆ ತಿರುವಿದ. ಅವನ ಬದಲು ಪಂಪಾಪತಿಯವರೇ ಉತ್ತರ ಕೊಟ್ಟರು.

‘ನಮ್ಮಲ್ಲೇ ಒಬ್ಬ ಹುಡುಗಿ ಪ್ರಯತ್ನಿಸಿದಳು ಸರ್. ಆದರೆ ಕೆಲಸದಲ್ಲಿ ಅಚ್ಚುಕಟ್ಟು ಇರಲಿಲ್ಲ. ಬಿಟ್ಟುಹೋದಳು.’

ಪರೀಕ್ಷಕರು ಹೌದೇ ಎಂಬಂತೆ ಕನಕರಾಜನ ಕಡೆ ನೋಡಿದರು. ಕನಕರಾಜ ತಲೆಯಾಡಿಸಿದ.

ಚಪ್ಪಾಳೆಯಾಯಿತು, ಶಾಲು ಬಂತು, ಮೈಸೂರುಪಾಕು ಹಂಚಿದರು. ಮುಂದಿನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಡಾ.’ ಇತ್ತು. ಮಾನ್ವಿಯ ಬಸ್ಸು ಅದೇ, ಕಿಟಕಿಯ ಪಕ್ಕದ ಸೀಟೂ ಅದೇ, ಆದರೆ ಈಗ ಕಂಡಕ್ಟರನೂ ಡಾಕ್ಟರ್ ಸಾಹೇಬ್ರು ಎನ್ನುತ್ತಿದ್ದ. ಕೇಳಿದಾಗೆಲ್ಲ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ. ತರಗತಿಯಲ್ಲಿ ಪಾತ್ರೆ ತೊಳೆಯುವ ಪಾಠ ಬಂದ ದಿನ ನಡುವೆಯೇ ನಿಲ್ಲಿಸಿ ಹಾಜರಿ ಹಾಕಿ ಕಳಿಸಿಬಿಟ್ಟ.

ಕೊನೆಗೆ ತಡೆಯಲಾರದೆ ಪಂಪಾಪತಿಯವರಿಗೆ ಹೇಳಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಬಾಗಿಲು ಹಾಕಿ ಬಂದು ಕೇಳಿದರು.

‘ಈಗ ಹೇಳ್ತಿಯೇನಲೇ? ಆ ಪ್ರಬಂಧದ ಮ್ಯಾಲೆ ನನ್ನ ಹೆಸರೂ ಅದ. ಹಿಂದಕ್ಕ ತಗೊಂಡ್ರ ನಿನ್ನ ಡಿಗ್ರಿ ಹೋಗ್ತದ, ನನ್ನ ಮಾನ ಹೋಗ್ತದ. ಆ ಹುಡುಗಿ ಜಾಗಾ ಬ್ಯಾರೆಯವ್ರಿಗೆ ಕೊಟ್ಟಾತು. ಯಾರಿಗೇನು ಬಂತು? ಸುಮ್ಕಿರು.’

ಸುಮ್ಮನಿರಲು ಅವನಿಗೆ ಆಗಲಿಲ್ಲ, ಪತ್ರಿಕೆಗೆ ಬರೆಯಲೂ ಆಗಲಿಲ್ಲ. ಎರಡರ ನಡುವೆ ಒದ್ದಾಡಿ ಜುಲೈ ತಿಂಗಳ ಒಂದು ಶನಿವಾರ ದೇವದುರ್ಗದ ಬಸ್ಸು ಹತ್ತಿದ. ಯಶೋದಾಗಾದರೂ ಹೇಳಬೇಕು. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ ಎಂಬ ಒಂದು ಮಾತು ಅವಳಿಗೆ ಸಲ್ಲಬೇಕು. ಅವಳು ದೇವದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ರಕ್ತ ಪರೀಕ್ಷೆ ಮಾಡುವ ಸಣ್ಣದೊಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆಂದು ವಿಚಾರಿಸಿ ತಿಳಿದುಕೊಂಡಿದ್ದ.

ಒಂದೇ ಕೋಣೆಯ ಲ್ಯಾಬು. ಗೋಡೆಗೆ ತಾಗಿ ಬೆಂಚು, ಬೆಂಚಿನ ಮೇಲೆ ಮೂರ್ನಾಲ್ಕು ಮಂದಿ, ಪರದೆಯ ಈಚೆ ಒಂದು ಸ್ಟೂಲು. ಯಶೋದಾ ಅವನನ್ನು ಕಂಡವಳೇ ಹಿಗ್ಗಿದಳು.

‘ಸರ್! ಬರ್ರಿ ಬರ್ರಿ, ಕುಂಡ್ರಿ. ಡಾಕ್ಟರ್ ಆದ್ರಿ ಅಂತ ಕೇಳಿ ಬಾಳ ಖುಷಿ ಆತ್ರೀ. ನಂದೂ ಚಲೋ ನಡದದ. ಇಲ್ಲಿ ನಾ ಏನ್ ಮಾಡಿದ್ರೂ ಸರಿ ಬರ್ತದ ನೋಡ್ರಿ,’ ಎಂದು ನಕ್ಕಳು.

ಕನಕರಾಜ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದ. ಪಾತ್ರೆ, ಅವ್ವ, ಮುಚ್ಚಳ, ಭಂಡಾರ. ತನಗೂ ನಾಲ್ಕು ಸಲ ಬಿಳಿ ಬಂದದ್ದು. ಬೆಂಚಿನ ಮೇಲಿನವರಿಗೆ ಕೇಳದಂತೆ ಸಣ್ಣ ದನಿಯಲ್ಲಿ ಹೇಳಿದ. ಅವಳ ಕೈಯಲ್ಲಿನ ಸೀಸೆ ಹಾಗೇ ನಿಂತಿತು.

‘ಅಂದ್ರ ನಾ ಮಾಡಿದ್ದು ಸರಿ ಇತ್ತ್ರೀ,’ ಎಂದಳು. ‘ಇಪ್ಪತ್ತಾರು ಸಲಾನೂ.’

‘ಹೂನವಾ. ಬಿಳಿ ಬರೂದ ಖರೇ. ನಿಂದ ಖರೇ.’

‘ಮನ್ಯಾಗ ಅಪ್ಪ ಈಗೂ ಅಂತಾನ್ರೀ, ನಿನ್ನ ಕೈಯಾಗ ಏನೂ ಹತ್ತಂಗಿಲ್ಲ ಅಂತ. ನಾನೂ ಹಂಗ ತಿಳ್ಕೊಂಡು ಬಿಟ್ಟಿದ್ನಿ.’ ಅವಳು ಸೀಸೆಯ ಮುಚ್ಚಳ ಬಿಗಿದಳು. ‘ಆ ಪ್ರಬಂಧ ತಪ್ಪು ಅಂತ ಬರೀತೀರೇನ್ರೀ?’

‘ಬರೀತೀನಿ,’ ಎಂದ ಕನಕರಾಜ. ಅವನು ಬರೆಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಾಯಿತು.

ಯಶೋದಾ ಸೀಸೆಯನ್ನು ಮೇಜಿನ ಮೇಲಿಟ್ಟು ಅವನ ಮುಖ ನೋಡಿದಳು.

‘ನಿಮಗ ಇದು ಯಾವಾಗ ಗೊತ್ತಾತ್ರೀ, ಸರ್?’

ಈ ಪ್ರಶ್ನೆ ಬಂದೇ ಬರುತ್ತದೆಂದು ಅವನು ಬಸ್ಸಿನಲ್ಲಿ ಕೂತು ಉತ್ತರ ಸಿದ್ಧಮಾಡಿಕೊಂಡಿದ್ದ. ವೈವಾ ಆದ ಮೇಲೆ, ಹೋದ ತಿಂಗಳು ಎನ್ನಬೇಕೆಂದು. ಅವಳ ಕಣ್ಣೆದುರು ಆ ಸುಳ್ಳೂ ಅವನಿಗೆ ಬರಲಿಲ್ಲ.

‘ವೈವಾ ಇದ್ದ ವಾರ,’ ಎಂದ. ‘ಮಂಗಳವಾರ.’

ಯಶೋದಾ ಮನಸ್ಸಿನಲ್ಲೇ ದಿನ ಎಣಿಸಿದ್ದು ಅವನಿಗೆ ಕಂಡಿತು.

‘ನನ್ನ ಫಾರಮ್ಮಿನ ಮ್ಯಾಲೆ ನೀವು ಸಹಿ ಮಾಡಿದ್ದು ಬುಧವಾರ ರೀ,’ ಎಂದಳು.

ಅವಳು ಬೈಯುತ್ತಾಳೆಂದು, ಅಳುತ್ತಾಳೆಂದು ಕನಕರಾಜ ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದನೇನೋ. ಅವಳು ಹೊಸ ಸೂಜಿಯ ಪೊಟ್ಟಣ ಹರಿದು, ಅವನ ಹೆಗಲಿನಾಚೆ ಬೆಂಚಿನ ಕಡೆ ನೋಡಿ ಕರೆದಳು.

‘ಯಾರ್ರೀ ಮುಂದಿನವ್ರು? ಬರ್ರಿ, ಇಲ್ಲಿ ಕುಂಡ್ರಿ.’

ಒಬ್ಬ ಮುದುಕಿ ಕೋಲೂರಿಕೊಂಡು ಬಂದು ನಿಂತಳು. ಕನಕರಾಜ ಸ್ಟೂಲು ಬಿಟ್ಟು ಎದ್ದ.